ಹಗಲಿನಲ್ಲಿ ಕಂಡ ಬೆಳ್ಳನೆಯ ಚುಕ್ಕೆ: ಹೆದರುವ ಮೊದಲು ಅಳೆದು ನೋಡೋಣ

ಕಾಫಿ ಕೊಯ್ಲಿನ ದಿನಗಳಲ್ಲಿ ಅರ್ಧ ದಿನ ಕೆಲಸ ನಿಂತರೆ ಏನಾಗುತ್ತದೆಂಬುದನ್ನು ನಮ್ಮ ಸದಸ್ಯ ಬಾಂಧವರಿಗೆ ಹೇಳಿಕೊಡಬೇಕಾಗಿಲ್ಲ. ಹಣ್ಣು ಗಿಡದಲ್ಲೇ ಒಣಗಿ ಉದುರುತ್ತದೆ. ಕೊಯ್ದ ಹಣ್ಣು ಪಲ್ಪರಿಗೆ ಹೋಗದೆ ಚೀಲದಲ್ಲೇ ಬಿಸಿಯೇರುತ್ತದೆ. 2019ರ ಜನವರಿ ಮೊದಲ ವಾರದಲ್ಲಿ ನಮ್ಮ ಸದಸ್ಯರೊಬ್ಬರ ತೋಟದಲ್ಲಿ ಹೀಗೆಯೇ ಅರ್ಧ ದಿನ ಕೆಲಸ ನಿಂತಿತು. ಕಾರಣ ಮಳೆಯಲ್ಲ, ಆನೆಯಲ್ಲ, ಕೂಲಿಯ ತಕರಾರೂ ಅಲ್ಲ. ಆಕಾಶದಲ್ಲಿ ಕಂಡ ಒಂದು ಬೆಳ್ಳನೆಯ ಚುಕ್ಕೆ.

ಬೆಳಿಗ್ಗೆ ಒಂಬತ್ತರ ಸುಮಾರು. ಮೆಣಸಿನ ಬಳ್ಳಿ ನೋಡಲೆಂದು ಕತ್ತೆತ್ತಿದ ಆಳೊಬ್ಬ, "ಗೌಡ್ರೇ, ಮೇಲ್ ನೋಡಿ, ಏನೋ ಹೊಳೀತಾ ಮೂಡಲಿಗೆ ಓಡ್ತಾ ಇದೆ" ಎಂದು ಕೂಗಿದ. ಎಲ್ಲರೂ ನೋಡಿದರು. ತೆಳು ಮೋಡಗಳ ನಡುವೆ, ದಕ್ಷಿಣಕ್ಕೆ ಸಾಕಷ್ಟು ಎತ್ತರದಲ್ಲಿ, ಬಿಳಿ ಚುಕ್ಕೆಯೊಂದು ಸ್ಪಷ್ಟವಾಗಿ ಕಾಣುತ್ತಿತ್ತು. ಮೂಡಲಿಗೆ ಓಡುತ್ತಲೂ ಇತ್ತು. ಒಬ್ಬರು ಶತ್ರು ದೇಶದ ಯಂತ್ರವೆಂದರು, ಇನ್ನೊಬ್ಬರು ಉರಿಯುತ್ತಿರುವ ವಿಮಾನವೆಂದರು. ಇನ್ನೇನು ತಲೆಯ ಮೇಲೆ ಬೀಳುತ್ತದೆಂಬ ಮಾತು ಬಂದದ್ದೇ ತಡ, ಹೆಂಗಸರು ಬುತ್ತಿ ಎತ್ತಿಕೊಂಡು ಲೈನ್ ಮನೆಗಳ ಕಡೆ ನಡೆದುಬಿಟ್ಟರು.

ನಾವು ಹೋಗುವ ಹೊತ್ತಿಗೆ ಊರಿನ ನಿವೃತ್ತ ಮೇಷ್ಟ್ರು ಅಲ್ಲಿಗೆ ಬಂದಿದ್ದರು. ಅವರು ಯಾರಿಗೂ ಉಪದೇಶ ಮಾಡಲಿಲ್ಲ. ಸೂರ್ಯ ಮರೆಯಾಗುವಂತೆ ಪಲ್ಪರ್ ಮನೆಯ ನೆರಳಿನಲ್ಲಿ ಒಂದು ಕುರ್ಚಿ ಹಾಕಿಸಿ, ಮೊದಲು ಕಂಡ ಆಳನ್ನೇ ಅದರಲ್ಲಿ ಕೂರಿಸಿದರು. ಚುಕ್ಕೆ ಸಿಲ್ವರ್ ಮರದ ಒಂದು ಒಣಕೊಂಬೆಯ ತುದಿಗೆ ಸರಿಯಾಗಿ ಕಾಣುವಂತೆ ಕುರ್ಚಿಯನ್ನು ಜರುಗಿಸಿದರು. "ತಲೆ ಅಲ್ಲಾಡಿಸಬೇಡ, ಹತ್ತು ನಿಮಿಷ ಬಿಟ್ಟು ಹೇಳು" ಎಂದರು. ಹತ್ತು ನಿಮಿಷದಲ್ಲಿ ಮೋಡಗಳು ಎಷ್ಟೋ ದೂರ ಹೋದವು. ಚುಕ್ಕೆ ಮಾತ್ರ ಕೊಂಬೆಯ ತುದಿಯಿಂದ ಒಂದು ಬೆರಳಿನಗಲಕ್ಕಿಂತ ತುಸು ಹೆಚ್ಚು ಜರುಗಿತ್ತು. ಅದೂ ಮೂಡಲಿಗಲ್ಲ, ಪಡುವಲಿಗೆ. ಸೂರ್ಯ ಚಂದ್ರರು ಹೋಗುವ ದಿಕ್ಕಿಗೆ, ಅವರದೇ ವೇಗದಲ್ಲಿ.

ಅದು ಶುಕ್ರ ಗ್ರಹವಾಗಿತ್ತು. ನಸುಕಿನಲ್ಲಿ ನಾವೆಲ್ಲ ಬೆಳ್ಳಿ ಎಂದು ಕರೆಯುವ ಅದೇ ಚುಕ್ಕೆ. ಓಡುತ್ತಿದ್ದುದು ಮೋಡ, ಓಡಿದಂತೆ ಕಂಡದ್ದು ಚುಕ್ಕೆ. ಬೆಳದಿಂಗಳ ರಾತ್ರಿ ಮೋಡ ಓಡುವಾಗ ಚಂದ್ರನೇ ಓಡಿದಂತೆ ಕಾಣುವುದನ್ನು ನಾವು ಚಿಕ್ಕಂದಿನಿಂದ ನೋಡಿದ್ದೇವೆ. ಹಗಲಿನಲ್ಲಿ ಅದು ನಮ್ಮ ನೆನಪಿಗೆ ಬರಲಿಲ್ಲ, ಅಷ್ಟೆ.

ಈ ಪ್ರಸಂಗವನ್ನು ಯಾರನ್ನೂ ನಗೆಗೀಡು ಮಾಡಲು ಬರೆಯುತ್ತಿಲ್ಲ. ದಿನವಿಡೀ ಬಯಲಿನಲ್ಲಿ ಕೆಲಸ ಮಾಡುವವರು ನಾವು. ಆಕಾಶ ನಮ್ಮ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಹೊಳೆಯುವ ವಸ್ತುವೊಂದನ್ನು ಕಂಡಾಗ ಅದು ಏನೆಂದು ಊಹಿಸುವುದಕ್ಕಿಂತ ಅದನ್ನು ಅಳೆದು ನೋಡುವುದು ಸುಲಭ. ಅಳತೆಗೆ ಬೇಕಾದ ಸಾಮಾನು ನಮ್ಮ ಕೈಯಲ್ಲೇ ಇದೆ.

ಮೊದಲು ಕಣ್ಣು, ಆಮೇಲೆ ಆಕಾಶ

ಹಗಲಿನಲ್ಲಿ ಮೇಲೆ ನೋಡುವವರಿಗೆ ದೊಡ್ಡ ಅಪಾಯ ಆ ವಸ್ತುವಿನಿಂದಲ್ಲ, ಸೂರ್ಯನಿಂದ. ಸೂರ್ಯನನ್ನು ನೇರವಾಗಿ ನೋಡಿದರೆ ಕಣ್ಣಿನ ಹಿಂಭಾಗದ ಪರದೆ ಸುಡುತ್ತದೆ. ಆ ಪರದೆಗೆ ನೋವು ತಿಳಿಯುವ ಶಕ್ತಿಯಿಲ್ಲದ ಕಾರಣ ಸುಟ್ಟದ್ದು ಆ ಕ್ಷಣಕ್ಕೆ ಗೊತ್ತಾಗುವುದಿಲ್ಲ. ಆಮೇಲೆ ನೋಟದ ನಡುವೆ ಕಲೆ ಕಾಣಿಸಿಕೊಳ್ಳುತ್ತದೆ. ಕೆಲವರಲ್ಲಿ ಅದು ಹೋಗುವುದೇ ಇಲ್ಲ. ಆದ್ದರಿಂದ ಸೂರ್ಯ ಗೋಡೆಯ ಹಿಂದೆ ಅಥವಾ ಮಾಡಿನ ಹಿಂದೆ ಪೂರ್ತಿ ಮರೆಯಾಗುವ ಜಾಗದಲ್ಲಿ ನಿಂತೇ ನೋಡತಕ್ಕದ್ದು. ಎಲೆಗಳ ಸಂದಿನ ನೆರಳು ಸಾಲದು. ಹಗಲಿನಲ್ಲಿ ಸೂರ್ಯನ ಹತ್ತಿರದ ಆಕಾಶಕ್ಕೆ ಬೈನಾಕ್ಯುಲರ್ ಹಿಡಿಯಲೇಬಾರದು. ಒಂದು ಕ್ಷಣ ಕೈ ತಪ್ಪಿದರೂ ಕಣ್ಣು ಹೋಗುತ್ತದೆ. ಕಪ್ಪು ಕನ್ನಡಕ ರಕ್ಷಣೆಯಾಗುವುದಿಲ್ಲ. ಮಕ್ಕಳಿಗೆ ಇದನ್ನು ಮುಂಚಿತವಾಗಿಯೇ ಹೇಳಿರಬೇಕು.

ಮುಷ್ಟಿಯ ಅಳತೆ

ಕೈಯನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ದಿಗಂತದಿಂದ ಮುಷ್ಟಿಯ ಮೇಲೆ ಮುಷ್ಟಿ ಇಡುತ್ತ ಹೋದರೆ ಒಂಬತ್ತನೆಯದಕ್ಕೆ ನೆತ್ತಿ ಸಿಗಬೇಕು; ನಿಮ್ಮ ಕೈಯನ್ನು ಹೀಗೆ ಪರೀಕ್ಷಿಸಿಕೊಳ್ಳಬಹುದು. ಈಗ ಕಂಡ ವಸ್ತುವನ್ನು ಮರದ ತುದಿಗೋ ಮಾಡಿನ ಮೂಲೆಗೋ ಹೊಂದಿಸಿ, ಅದು ಒಂದು ಮುಷ್ಟಿಯಷ್ಟು ದೂರ ಜರುಗಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ನೋಡಿ. ಮೋಡಕ್ಕೆ ಹೋಲಿಸಿ ಅಳೆಯಬೇಡಿ.

ನೆತ್ತಿಯ ಆಸುಪಾಸಿನ ಲೆಕ್ಕ ಹೀಗೆ. ಒಂದು ಮುಷ್ಟಿಗೆ ಸುಮಾರು 40 ನಿಮಿಷ ತೆಗೆದುಕೊಂಡು ಪಡುವಲಿಗೆ ಜರುಗಿದರೆ ಅದು ಗ್ರಹ. ಏಳರಿಂದ ಹತ್ತು ಸೆಕೆಂಡಿನಲ್ಲಿ ದಾಟಿದರೆ ಎತ್ತರದಲ್ಲಿ ಹೋಗುವ ವಿಮಾನ. ಐದು ನಿಮಿಷವೋ ಹತ್ತು ನಿಮಿಷವೋ ಹಿಡಿದು ಯಾವ ದಿಕ್ಕಿಗಾದರೂ ಸಾಗಿದರೆ ಎತ್ತರದ ಬಲೂನು ಇರಬಹುದು. ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿ ಆರಿದರೆ ಉಲ್ಕೆ. ಹೊಯ್ದಾಡುತ್ತ, ತಿರುಗುತ್ತ, ನಿಲ್ಲುತ್ತ ಹೋದರೆ ಅದು ಬಹುಶಃ ನಮ್ಮ ಮರಗಳಿಗಿಂತ ಹೆಚ್ಚು ಎತ್ತರದಲ್ಲಿಲ್ಲ.

ಶುಕ್ರ: ದೊಡ್ಡ ದೊಡ್ಡವರೂ ಮೋಸಹೋಗಿದ್ದಾರೆ

ಶುಕ್ರನನ್ನು ದಟ್ಟ ಮೋಡ ಸುತ್ತ ಮುಚ್ಚಿದೆ. ತನ್ನ ಮೇಲೆ ಬಿದ್ದ ಬಿಸಿಲಿನ ಮುಕ್ಕಾಲು ಪಾಲನ್ನು ಆ ಮೋಡ ಹಿಂದಕ್ಕೆ ಕಳಿಸುತ್ತದೆ. ಆದ್ದರಿಂದಲೇ ಸೂರ್ಯ ಚಂದ್ರರ ನಂತರ ಆಕಾಶದಲ್ಲಿ ಅತಿ ಹೆಚ್ಚು ಹೊಳೆಯುವ ಕಾಯ ಅದು. ತಿಳಿ ಆಕಾಶದಲ್ಲಿ, ಎಲ್ಲಿ ನೋಡಬೇಕೆಂದು ಗೊತ್ತಿದ್ದರೆ, ಹಗಲಿನಲ್ಲೂ ಬರಿಗಣ್ಣಿಗೆ ಕಾಣುತ್ತದೆ. ಸೂರ್ಯನಿಂದ ಅದು ಸುಮಾರು 47 ಡಿಗ್ರಿಗಿಂತ, ಅಂದರೆ ಐದು ಮುಷ್ಟಿಗಿಂತ ದೂರ ಹೋಗುವುದಿಲ್ಲ. ಆ ದೂರದ ಹೊರಗೆ ಕಂಡ ಹಗಲಿನ ಚುಕ್ಕೆ ಶುಕ್ರನಲ್ಲವೆಂದು ಧೈರ್ಯವಾಗಿ ಹೇಳಬಹುದು. 8 ವರ್ಷಕ್ಕೊಮ್ಮೆ ಶುಕ್ರ ಹೆಚ್ಚುಕಡಿಮೆ ಅದೇ ತಾರೀಕಿಗೆ ಅದೇ ಸ್ಥಾನಕ್ಕೆ ಮರಳುತ್ತದೆ. 2019ರ ಜನವರಿ ಮೊದಲ ವಾರದಲ್ಲಿ ನಾವು ಕಂಡ ನೋಟ ಈ ಲೆಕ್ಕದಂತೆ 2027ರ ಜನವರಿ ಮೊದಲ ವಾರಕ್ಕೆ ಬರುತ್ತದೆ. ಅದೂ ಕೊಯ್ಲಿನ ಕಾಲವೇ.

ಶುಕ್ರನಿಂದ ಮೋಸಹೋದವರು ನಾವು ಮಾತ್ರವಲ್ಲ. 2012ರ ಆಗಸ್ಟಿನಿಂದ 2013ರ ಫೆಬ್ರುವರಿಯವರೆಗೆ ಲಡಾಖಿನ ಗಡಿಯಲ್ಲಿ ಕಾವಲಿದ್ದ ನಮ್ಮ ಸೈನಿಕರು ಪ್ಯಾಂಗಾಂಗ್ ಸರೋವರದ ಆಚೆ ಬೆಳಗುವ ವಸ್ತುಗಳನ್ನು 329 ಬಾರಿ ಕಂಡು ದಾಖಲಿಸಿದರು. ಚೀನಾದ ಗೂಢಚಾರ ಯಂತ್ರಗಳಿರಬಹುದೆಂಬ ಶಂಕೆ ಹುಟ್ಟಿತು. ಕೊನೆಗೆ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ತಜ್ಞರನ್ನು ಕೇಳಲಾಯಿತು. ಆ ವಸ್ತುಗಳು ಜರುಗುವ ರೀತಿಯನ್ನು ನಕ್ಷತ್ರಗಳೊಡನೆ ಹೋಲಿಸಿ ನೋಡಿದ ಅವರು, ಅವು ಗುರು ಮತ್ತು ಶುಕ್ರ ಗ್ರಹಗಳೆಂದು ತಿಳಿಸಿದರು. ಸೈನಿಕರನ್ನು ದೂರುವಂತಿಲ್ಲ, ಕಂಡದ್ದನ್ನು ಅವರು ಹೊತ್ತು, ದಿಕ್ಕು ಸಹಿತ ಬರೆದಿಟ್ಟಿದ್ದರಿಂದಲೇ ಉತ್ತರ ಸಿಕ್ಕಿತು.

ವಿಮಾನ: ಸದ್ದು ಹಿಂದೆ, ರೂಪ ಮುಂದೆ

ದೊಡ್ಡ ವಿಮಾನಗಳು 10ರಿಂದ 12 ಕಿಲೋಮೀಟರ್ ಎತ್ತರದಲ್ಲಿ, ಗಂಟೆಗೆ ಸುಮಾರು 900 ಕಿಲೋಮೀಟರ್ ವೇಗದಲ್ಲಿ ಹೋಗುತ್ತವೆ. ಅಷ್ಟು ಎತ್ತರದಿಂದ ಸದ್ದು ನಮ್ಮನ್ನು ಮುಟ್ಟಲು ಅರ್ಧ ನಿಮಿಷ ಬೇಕು. ಅಷ್ಟರಲ್ಲಿ ವಿಮಾನ ಏಳು ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಸದ್ದು ಬಂದ ಕಡೆ ನೋಡಿದವರಿಗೆ ಅಲ್ಲಿ ಏನೂ ಕಾಣದು. ದೂರದಲ್ಲಿ ಕಂಡ ಹೊಳೆಯುವ ಚುಕ್ಕೆಗೆ ಸದ್ದೇ ಇಲ್ಲವೆಂದು ಅವರು ಹೇಳುವುದು ಇದರಿಂದಲೇ. ರೆಕ್ಕೆಯ ಮೇಲೆ ಬಿಸಿಲು ಬಿದ್ದು ನಮ್ಮ ಕಡೆ ತಿರುಗಿದಾಗ ಕೆಲವು ಸೆಕೆಂಡು ಕಣ್ಣು ಕೋರೈಸುವಂತೆ ಹೊಳೆದು, ಕೋನ ತಪ್ಪಿದೊಡನೆ ಮಾಯವಾಗುತ್ತದೆ. ನೇರ ನಮ್ಮ ಕಡೆಗೇ ಬರುವ ವಿಮಾನ ಒಂದೆರಡು ನಿಮಿಷ ನಿಂತಲ್ಲೇ ನಿಂತಂತೆ ಕಾಣುವುದೂ ಉಂಟು. ಅವಸರ ಪಡದೆ ಐದು ನಿಮಿಷ ಕಾದರೆ ವಿಮಾನ ತನ್ನ ಗುರುತನ್ನು ತಾನೇ ಹೇಳುತ್ತದೆ.

ಕೃತಕ ಉಪಗ್ರಹಗಳ ಮಾತನ್ನೂ ಇಲ್ಲೇ ಹೇಳಿಬಿಡುತ್ತೇವೆ. ಅವು ಸಾಮಾನ್ಯವಾಗಿ ಕಾಣುವುದು ಸೂರ್ಯ ಮುಳುಗಿದ ಮೇಲೆ ಮತ್ತು ಹುಟ್ಟುವ ಮೊದಲು. ನಡುಹಗಲಿನಲ್ಲಿ ಕಂಡ ಚುಕ್ಕೆಗೆ ಉಪಗ್ರಹವೆಂಬ ಹೆಸರು ಮೊದಲಿಗೇ ಬೇಡ.

ನಮ್ಮ ಮಳೆಯ ಲೆಕ್ಕ ಹೊತ್ತ ಬಲೂನು

ಭಾರತ ಹವಾಮಾನ ಇಲಾಖೆ ಮಂಗಳೂರಿನ ಪಣಂಬೂರು, ಬೆಂಗಳೂರು, ಗೋವಾದ ಪಣಜಿ ಮೊದಲಾದ ಕಡೆಗಳಿಂದ ಹವಾಮಾನದ ಬಲೂನುಗಳನ್ನು ಹಾರಿಬಿಡುತ್ತದೆ. ಜಗತ್ತಿನ ನೂರಾರು ಕೇಂದ್ರಗಳು ಒಂದೇ ಹೊತ್ತಿಗೆ ಈ ಕೆಲಸ ಮಾಡುತ್ತವೆ. ನಮ್ಮ ಗಡಿಯಾರದಲ್ಲಿ ಆ ಹೊತ್ತು ಬೆಳಗಿನ 5.30 ಮತ್ತು ಸಂಜೆಯ 5.30, ಬಲೂನನ್ನು ಅದಕ್ಕೆ ಸ್ವಲ್ಪ ಮೊದಲೇ ಬಿಡುತ್ತಾರೆ. ಬಲೂನಿನ ಕೆಳಗೆ ಉದ್ದನೆಯ ದಾರದಲ್ಲಿ ಒಂದು ಹಗುರವಾದ ಪೆಟ್ಟಿಗೆ ತೂಗುತ್ತದೆ. ಗಾಳಿಯ ಒತ್ತಡ, ಶಾಖ, ತೇವ ಇವನ್ನು ಅಳೆಯುತ್ತ ಅದು ರೇಡಿಯೋ ಮೂಲಕ ಕೆಳಗೆ ತಿಳಿಸುತ್ತ ಹೋಗುತ್ತದೆ. ಬಲೂನು ಸಾಗಿದ ದಾರಿಯಿಂದ ಗಾಳಿಯ ದಿಕ್ಕು, ವೇಗಗಳು ತಿಳಿಯುತ್ತವೆ.

ಬಲೂನು ನಿಮಿಷಕ್ಕೆ ಸುಮಾರು 300 ಮೀಟರ್ ಏರುತ್ತದೆ. ಗಂಟೆ ಒಂದೂವರೆಯ ನಂತರ 30 ಕಿಲೋಮೀಟರಿನ ಸುಮಾರಿಗೆ ತಲಪಿರುತ್ತದೆ. ಅಲ್ಲಿನ ಗಾಳಿಯ ಒತ್ತಡ ನೆಲದ ಮೇಲಿನದರ ನೂರರಲ್ಲಿ ಒಂದು ಪಾಲು ಮಾತ್ರ. ಹೊರಗಿನ ಒತ್ತಡ ಕಡಿಮೆಯಾದಂತೆ ಬಲೂನು ಹಿಗ್ಗುತ್ತ ಹೋಗಿ, ಕೊನೆಗೆ ಸಣ್ಣ ಮನೆಯಷ್ಟಾಗಿ ಒಡೆಯುತ್ತದೆ. ಪೆಟ್ಟಿಗೆ ಪುಟ್ಟ ಪ್ಯಾರಾಚೂಟಿನಲ್ಲಿ ಇಳಿಯುತ್ತದೆ. ಚಳಿಗಾಲದ ಸಂಜೆ ನಮ್ಮ ತೋಟದಲ್ಲಿ ಸೂರ್ಯ ಮುಳುಗಿದ ಮೇಲೂ ಅಷ್ಟು ಎತ್ತರದಲ್ಲಿ ಸುಮಾರು 20 ನಿಮಿಷ ಬಿಸಿಲಿರುತ್ತದೆ. ಆಗ ಆ ಬಲೂನು ಕೆಂಪಾಗಿ, ಇಲ್ಲವೆ ಬೆಳ್ಳಗೆ ಬೆಳಗಬಹುದು.

ಮಳೆಗಾಲದಲ್ಲಿ ಇನ್ನೊಂದು ವಿಶೇಷವಿದೆ. ಕೆಳಗಿನ ಗಾಳಿ ಕಡಲಿನಿಂದ ಘಟ್ಟಕ್ಕೆ ಬೀಸಿದರೆ, ಬಹಳ ಎತ್ತರದ ಗಾಳಿ ಮೂಡಲಿನಿಂದ ಕಡಲಿಗೆ ಬೀಸುತ್ತದೆ. ಒಂದೇ ಬಲೂನು ಮೊದಲು ಘಟ್ಟದ ಕಡೆ ಹೋಗಿ, ಆಮೇಲೆ ಹಿಂದಕ್ಕೆ ತಿರುಗುವುದು ಇದರಿಂದ. ಯಾರೋ ಒಳಗೆ ಕುಳಿತು ನಡೆಸುತ್ತಿದ್ದಾರೆಂಬ ಶಂಕೆಗೆ ಎಡೆಯಿಲ್ಲ.

ಹೂಮಳೆ ಯಾವಾಗ ಬಿದ್ದೀತು, ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ಎರಡು ದಿನ ಬಿಡುವು ಸಿಕ್ಕೀತೆ, ಅಂಗಳಕ್ಕೆ ಅಡಿಕೆ ಹರವಬಹುದೆ ಎಂದು ನಾವು ದಿನವೂ ಮುನ್ಸೂಚನೆ ಕೇಳುತ್ತೇವೆ. ಆ ಮುನ್ಸೂಚನೆಯ ಲೆಕ್ಕಕ್ಕೆ ಈ ಪೆಟ್ಟಿಗೆ ಕಳಿಸಿದ ಅಂಕೆಗಳೂ ಸೇರಿರುತ್ತವೆ. ನಾವು ಹೆದರಿ ನೋಡುವ ವಸ್ತು ನಮ್ಮ ಕೆಲಸವನ್ನೇ ಮಾಡುತ್ತಿರಬಹುದು.

ಹೈದರಾಬಾದಿನ ದೊಡ್ಡ ಬಲೂನು

ಇದಕ್ಕಿಂತ ಬಹಳ ದೊಡ್ಡ ಬಲೂನುಗಳೂ ಉಂಟು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಹೈದರಾಬಾದಿನ ಕೇಂದ್ರ ತೆಳು ಪಾಲಿಥೀನಿನ ಬೃಹತ್ ಬಲೂನುಗಳಲ್ಲಿ ವಿಜ್ಞಾನದ ಉಪಕರಣಗಳನ್ನು 30 ಕಿಲೋಮೀಟರಿಗಿಂತ ಮೇಲಕ್ಕೆ ಕಳಿಸುತ್ತದೆ. ಇವು ಬಿಸಿಲಿನಲ್ಲಿ ಗಂಟೆಗಟ್ಟಲೆ ಬೆಳ್ಳಗೆ ಹೊಳೆಯುತ್ತ ನಿಧಾನವಾಗಿ ತೇಲುತ್ತವೆ. ಉಪಕರಣಗಳು ದೊಡ್ಡ ಪ್ಯಾರಾಚೂಟಿನಲ್ಲಿ ತೆಲಂಗಾಣ, ಮಹಾರಾಷ್ಟ್ರ ಮತ್ತು ನಮ್ಮ ಉತ್ತರದ ಜಿಲ್ಲೆಗಳಲ್ಲಿ ಇಳಿಯುತ್ತವೆ. 2025ರ ಜನವರಿಯಲ್ಲಿ ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಇಂಥದೊಂದು ಇಳಿದಾಗ ಊರಿಗೆ ಊರೇ ಗಾಬರಿಯಾಗಿತ್ತು. ಅದರ ಜೊತೆಗಿದ್ದ ಪತ್ರದಿಂದ ಅದು ಈ ಕೇಂದ್ರದ್ದೆಂದು ತಿಳಿಯಿತು. ಉಪಕರಣಗಳಲ್ಲಿ ಹೆಚ್ಚಿನ ವೋಲ್ಟೇಜಿನ ವಿದ್ಯುತ್ ಇರಬಹುದಾದ್ದರಿಂದ ಮುಟ್ಟದೆ ಪೊಲೀಸರಿಗೆ ತಿಳಿಸಬೇಕೆಂಬುದು ಸಂಸ್ಥೆಯ ಸೂಚನೆ.

ಬೂರುಗದ ಹತ್ತಿ, ಜೇಡನ ಎಳೆ, ಹಕ್ಕಿ

ಬೇಸಿಗೆಯಲ್ಲಿ ಬೂರುಗದ ಕಾಯಿ ಒಡೆದು ಹತ್ತಿ ಹಾರುತ್ತದೆ. ಗೋಡೆಯ ಮರೆಯಲ್ಲಿ ನಿಂತು ಸೂರ್ಯನ ಪಕ್ಕದ ಆಕಾಶ ನೋಡಿದರೆ ಆ ಹತ್ತಿಯ ಎಳೆಗಳು ಬೆಳ್ಳಿಯ ಚುಕ್ಕೆಗಳಂತೆ ಮಿನುಗುತ್ತ ಸಾಲಾಗಿ ಹೋಗುತ್ತವೆ. ಜೇಡನ ಎಳೆಯೂ, ರೆಕ್ಕೆ ಇರುವ ಹುಳಗಳೂ ಹೀಗೆಯೇ ಕಾಣುತ್ತವೆ. ಹಿನ್ನೆಲೆಯಲ್ಲಿ ಬರೀ ಆಕಾಶವಿರುವಾಗ ಹತ್ತಿರದ ಸಣ್ಣ ವಸ್ತುವೋ ದೂರದ ದೊಡ್ಡ ವಸ್ತುವೋ ಎಂದು ಕಣ್ಣು ಹೇಳಲಾರದು. ಇದನ್ನು ಗುರುತಿಸುವ ದಾರಿ ಸುಲಭ: ಸೂರ್ಯನಿಂದ ದೂರ ಸರಿದೊಡನೆ ಇವುಗಳ ಹೊಳಪು ಕಳೆದುಹೋಗುತ್ತದೆ. ಹತ್ತು ಗಂಟೆಯ ಬಿಸಿಗೆ ಸುತ್ತು ಹಾಕುತ್ತ ಮೇಲೇರುವ ಗರುಡ, ಕೊಕ್ಕರೆಗಳ ರೆಕ್ಕೆ ಒಂದು ಮಗ್ಗುಲಿಗೆ ಬಂದಾಗ ಹೊಳೆದು, ಇನ್ನೊಂದು ಮಗ್ಗುಲಿಗೆ ಹೋದಾಗ ಆರಿಹೋಗುತ್ತದೆ.

ಹಗಲಿನ ಉಲ್ಕೆ: ಬೆಳಕು ಕಂಡರೆ ಕಿಟಕಿಗೆ ಹೋಗಬೇಡಿ

ಅತಿ ಅಪರೂಪಕ್ಕೆ ದೊಡ್ಡ ಉಲ್ಕೆಯೊಂದು ಹಗಲಿನಲ್ಲೇ ಕಾಣುತ್ತದೆ. 2013ರ ಫೆಬ್ರುವರಿ 15ರ ಬೆಳಿಗ್ಗೆ ರಷ್ಯದ ಚೆಲ್ಯಾಬಿನ್ಸ್ಕ್ ನಗರದ ಬಳಿ ಸುಮಾರು 20 ಮೀಟರ್ ಅಗಲದ ಬಂಡೆಯೊಂದು ಆಕಾಶದಲ್ಲಿ ಒಡೆಯಿತು. ಕಣ್ಣು ಕುಕ್ಕುವ ಬೆಳಕು ಬಂತು, ಸದ್ದಿಲ್ಲ. ಏನಾಯಿತೆಂದು ನೋಡಲು ಜನ ಕಿಟಕಿಗಳ ಬಳಿಗೆ ಬಂದರು. ಎರಡು ನಿಮಿಷ ಕಳೆದ ಮೇಲೆ ಗಾಳಿಯ ಹೊಡೆತ ಬಂದು ಗಾಜುಗಳು ಪುಡಿಯಾದವು. ಸುಮಾರು 1,500 ಮಂದಿಗೆ ಗಾಯವಾಯಿತು, ಬಹುಪಾಲು ಗಾಜಿನಿಂದ. ನಾವು ನೆನಪಿಡಬೇಕಾದ ಮಾತು ಒಂದೇ. ಆಕಾಶದಲ್ಲಿ ಸೂರ್ಯನಂಥ ಮಿಂಚು ಕಂಡರೆ ಗಾಜು, ಹೆಂಚಿನ ಅಂಚುಗಳಿಂದ ದೂರ ಸರಿದು ಕೆಲವು ನಿಮಿಷ ಕಾಯತಕ್ಕದ್ದು.

ಬಿದ್ದದ್ದು ತೋಟದಲ್ಲಿ ಸಿಕ್ಕಿದರೆ

ಅಡಿಕೆ ಮರದ ತಲೆಯಲ್ಲೋ ಕಾಫಿ ಗಿಡದ ಮೇಲೋ ಬಿಳಿ ಪೆಟ್ಟಿಗೆ, ದಾರ, ರಬ್ಬರಿನ ಚೂರು ಸಿಕ್ಕಿದರೆ ಅದು ಹವಾಮಾನದ ಪೆಟ್ಟಿಗೆಯಾಗಿರಬಹುದು. ಅದರ ಮೇಲಿನ ಚೀಟಿ ಓದಿ. ಚೀಟಿ ಇಲ್ಲದಿದ್ದರೆ, ಏನೆಂದು ತಿಳಿಯದಿದ್ದರೆ ಬಿಚ್ಚಬೇಡಿ, ಬೆಂಕಿಗೆ ಹಾಕಬೇಡಿ, ಮಕ್ಕಳ ಕೈಗೆ ಕೊಡಬೇಡಿ. 112ಕ್ಕೆ ಇಲ್ಲವೆ ಹತ್ತಿರದ ಠಾಣೆಗೆ ತಿಳಿಸಿ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇವೆ. ದಾರವೋ ಬಲೂನೋ ವಿದ್ಯುತ್ ತಂತಿಗೆ ಸಿಕ್ಕಿಕೊಂಡಿದ್ದರೆ ಅದನ್ನು ದೋಟಿಯಿಂದ ಎಳೆಯಲು ಹೋಗಲೇಬಾರದು. ಕೊನೆ ಕೊಯ್ಯುವ ಅಲ್ಯುಮಿನಿಯಂ ದೋಟಿ ತಂತಿಗೆ ತಗುಲಿ ಜೀವ ಹೋದ ಘಟನೆಗಳು ನಮ್ಮ ಅಡಿಕೆ ಸೀಮೆಯಲ್ಲಿ ನಡೆದಿವೆ. ಜಾತ್ರೆ, ಹುಟ್ಟುಹಬ್ಬಗಳಿಂದ ಹಾರಿ ಬರುವ ಬೆಳ್ಳಿ ಬಣ್ಣದ ಹಾಳೆಯ ಬಲೂನುಗಳೂ ವಿದ್ಯುತ್ತನ್ನು ಹರಿಸುತ್ತವೆ. ಲೈನ್‌ಮನ್ನಿಗೆ ಅಥವಾ 1912ಕ್ಕೆ ತಿಳಿಸಿ, ಅವರು ಬರುವವರೆಗೆ ಆ ಸಾಲಿನಲ್ಲಿ ಯಾರೂ ಕೆಲಸ ಮಾಡದಂತೆ ನೋಡಿಕೊಳ್ಳಿ. ಆಕಾಶದಲ್ಲಿ ಕಂಡ ವಸ್ತುವಿನಿಂದ ಅಪಾಯ ಬಲು ವಿರಳ. ಅದನ್ನು ಕೆಳಗಿಳಿಸುವ ಆತುರದಿಂದ ಅಪಾಯ ಖಂಡಿತ.

ಕಂಡದ್ದನ್ನು ಬರೆದಿಡಿ

ಮಳೆ ಅಳತೆಯ ಪುಸ್ತಕವನ್ನು ನಮ್ಮಲ್ಲಿ ಅನೇಕರು ತಪ್ಪದೆ ಬರೆಯುತ್ತೇವೆ. ಅದರ ಅಂಚಿನಲ್ಲೇ ಇದನ್ನೂ ಬರೆದುಕೊಳ್ಳಬಹುದು: ತಾರೀಕು, ಗಂಟೆ, ದಿಕ್ಕು, ದಿಗಂತದಿಂದ ಎಷ್ಟು ಮುಷ್ಟಿ ಎತ್ತರ, ಸೂರ್ಯನಿಂದ ಎಷ್ಟು ಮುಷ್ಟಿ ದೂರ, ಒಂದು ಮುಷ್ಟಿ ಜರುಗಲು ಹಿಡಿದ ಹೊತ್ತು, ಸದ್ದು ಇತ್ತೆ ಇಲ್ಲವೆ. ಇಷ್ಟಿದ್ದರೆ ಹತ್ತರಲ್ಲಿ ಒಂಬತ್ತು ಪಾಲು ಉತ್ತರ ಅಲ್ಲೇ ಸಿಕ್ಕಿರುತ್ತದೆ. ಉಳಿದದ್ದನ್ನು ತಿಳಿದವರ ಮುಂದಿಟ್ಟಾಗ ಅವರಿಗೂ ಹಿಡಿಯಲು ಒಂದು ಎಳೆ ಇರುತ್ತದೆ.

ಆ ದಿನ ಮಧ್ಯಾಹ್ನ ಊಟ ಮುಗಿಸಿ ಆಳುಗಳೆಲ್ಲ ಕೊಯ್ಲಿಗೆ ಮರಳಿದರು. ಮಾರನೆಯ ದಿನ ಬೆಳಿಗ್ಗೆ ಅದೇ ಹೊತ್ತಿಗೆ, ಕುರ್ಚಿಯಲ್ಲಿ ಕೂತಿದ್ದ ಆ ಆಳು ಯಾರೂ ಹೇಳದೆಯೇ ಪಲ್ಪರ್ ಮನೆಯ ನೆರಳಿಗೆ ಹೋಗಿ ನಿಂತು ಮೇಲೆ ನೋಡಿದನಂತೆ. "ಇದೆ ಗೌಡ್ರೇ, ನಿನ್ನೆ ಇದ್ದಲ್ಲೇ ಇದೆ" ಎಂದು ಹೇಳಿ, ಚೀಲ ಸೊಂಟಕ್ಕೆ ಕಟ್ಟಿಕೊಂಡು ಸಾಲಿಗೆ ಇಳಿದನಂತೆ.